ಸೌತಾಂಪ್ಟನ್‌ನಲ್ಲಿ ಬಸುರಿ: ಆ ಹಾಳೆಗೆ ಸಹಿ ಹಾಕಲಾ, ಬೇಡವಾ?

ನಿನ್ನ ಪತ್ರ ನಿನ್ನೆ ರಾತ್ರಿ ಓದಿದೆ. ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಊರು ಬಿಟ್ಟು ಇಂಗ್ಲೆಂಡಿಗೆ ಬಂದು ಮೂರೇ ತಿಂಗಳು, ಈಗ ಎಂಟನೇ ವಾರ, ಪಕ್ಕದಲ್ಲಿ ಅಮ್ಮ ಇಲ್ಲ. ಆ ಕಷ್ಟ ನನಗೆ ಗೊತ್ತು. ನೀನು ಕೇಳಿರುವುದು ಮೂರು ಮಾತು. ಇನ್ನೂ ಒಂದು ಸ್ಕ್ಯಾನಿಂಗ್ ಆಗಿಲ್ಲ, ಡಾಕ್ಟರ್ ಮುಖವನ್ನೇ ನೋಡಿಲ್ಲ, ಇದು ಸರಿಯಾ? ಹೆರಿಗೆಗೆ ಮೈಸೂರಿಗೆ ಹೋಗಿಬಿಡಲಾ? ಮಿಡ್‌ವೈಫ್ ಒಂದು ಹಾಳೆ ಕೊಟ್ಟು ಸಂಶೋಧನೆಗೆ ಸೇರುತ್ತೀರಾ ಅಂತ ಕೇಳಿದ್ದಾರೆ, ಬಸುರಿ ಹೆಂಗಸಿನ ಮೇಲೆ ಪ್ರಯೋಗ ಮಾಡುತ್ತಾರಾ?

ಮೊದಲನೆಯದಕ್ಕೆ ಹೆದರಬೇಡ. ಇಲ್ಲಿ ತೊಂದರೆ ಇಲ್ಲದ ಬಸುರಿಯನ್ನು ನೋಡಿಕೊಳ್ಳುವುದು ಮಿಡ್‌ವೈಫ್. ನಮ್ಮ ಅಜ್ಜಿಯರ ಕಾಲದ ಸೂಲಗಿತ್ತಿಯ ಕೆಲಸವೇ, ಆದರೆ ಡಿಗ್ರಿ ಓದಿ ಬಂದವರು. ಏನಾದರೂ ಹೆಚ್ಚುಕಮ್ಮಿ ಕಂಡರೆ ಅವರೇ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಮೊದಲ ಸ್ಕ್ಯಾನ್ ಹನ್ನೆರಡನೇ ವಾರದ ಆಸುಪಾಸು, ಇನ್ನೊಂದು ಇಪ್ಪತ್ತರ ಹೊತ್ತಿಗೆ. ಊರಿನಲ್ಲಿ ತಿಂಗಳಿಗೊಂದು ಮಾಡಿಸಿಕೊಂಡವರನ್ನು ನೋಡಿದವರಿಗೆ ಇದು ಕಡಿಮೆ ಅನ್ನಿಸುತ್ತದೆ, ಅಲ್ವಾ? ಎಲ್ಲ ಸರಿಯಿದ್ದರೆ ಅಷ್ಟು ಸಾಕು. ಫೋಲಿಕ್ ಆಸಿಡ್ ಹನ್ನೆರಡು ವಾರದವರೆಗೆ ಬಿಡದೆ ತೆಗೆದುಕೋ. ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ. ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಬೇಕು ಅಂತ ಮಿಡ್‌ವೈಫ್‌ಗೆ ಹೇಳು. ಅದಿದ್ದರೆ ಹೆರಿಗೆಯಾಗಿ ಒಂದು ವರ್ಷದವರೆಗೆ ಔಷಧಿಗೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹಲ್ಲಿನ ಚಿಕಿತ್ಸೆಗೂ ದುಡ್ಡಿಲ್ಲ.

ಎರಡನೆಯದು ನಿಮ್ಮ ಮನೆಯ ವಿಚಾರ. ಅಮ್ಮನ ಕೈಯ ಬಾಣಂತನಕ್ಕೆ ಸಮ ಯಾವುದೂ ಇಲ್ಲ, ನಾನೂ ಅತ್ತಿದ್ದೇನೆ. ಹೋಗುವುದಾದರೆ 28 ವಾರದ ಒಳಗೆ ಹೊರಡು. ಆಮೇಲೆ ಹೆಚ್ಚಿನ ವಿಮಾನದವರು ಡಾಕ್ಟರ್ ಅಥವಾ ಮಿಡ್‌ವೈಫ್ ಬರೆದ ಪತ್ರ ಕೇಳುತ್ತಾರೆ. ಅಲ್ಲಿ ಹುಟ್ಟಿದ ಮಗುವನ್ನು ಇಲ್ಲಿಗೆ ಕರೆತರಲು ಪಾಸ್‌ಪೋರ್ಟ್, ವೀಸಾ ಎಲ್ಲ ಮಾಡಿಸಬೇಕು. ಅದನ್ನೂ ಲೆಕ್ಕಕ್ಕೆ ಹಿಡಿ.

ಈಗ ಆ ಹಾಳೆ. ನಿನಗೆ ಒಂದು ವಿಷಯ ಹೇಳಲೇಬೇಕು. ನೀನು ಬಂದಿರುವ ಊರಿಗೂ ನೀನು ಬಿಟ್ಟು ಬಂದ ಊರಿಗೂ ನಂಟಿದೆ, ಅದೂ ಬಸುರಿಯರ ಸಂಶೋಧನೆಯಿಂದಲೇ.

ಮೈಸೂರಿನ ಮಿಷನ್ ಆಸ್ಪತ್ರೆ ಗೊತ್ತಲ್ಲ, ಹೋಲ್ಡ್ಸ್‌ವರ್ತ್ ಆಸ್ಪತ್ರೆ? ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಇತ್ತ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ಡಾಕ್ಟರ್, ಹರ್ಟ್‌ಫರ್ಡ್‌ಶೈರ್‌ನ ಮಿಡ್‌ವೈಫ್‌ಗಳು 1911ರಿಂದ ಬರೆದಿಟ್ಟ ಹಳೆಯ ಲೆಡ್ಜರ್‌ಗಳನ್ನು ಹಿಡಿದು ಕೂತರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಎಂದು 1989ರಲ್ಲಿ ತೋರಿಸಿದರು. ಅವರ ತಂಡದ ಕ್ಯಾರೊಲಿನ್ ಫಾಲ್ ಮೈಸೂರಿನವರ ಜೊತೆ ಸೇರಿ, ಆ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿ ಅಲ್ಲೇ ಸುತ್ತಮುತ್ತ ಬಾಳುತ್ತಿದ್ದವರನ್ನು ಹುಡುಕಿ ಪರೀಕ್ಷೆ ಮಾಡಿದರು. ಅಲ್ಲೂ ಅದೇ ಕಂಡಿತು. ನಮ್ಮ ದೊಡ್ಡಮ್ಮನೂ ಅಲ್ಲೇ ಹುಟ್ಟಿದವರು. ಅವರನ್ನು ಕರೆದು ಇಸಿಜಿ ತೆಗೆದಿದ್ದರಂತೆ. ಎಷ್ಟು ಪೌಂಡ್ ತೂಕವಿದ್ದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು ಎಂದು ಹೇಳುತ್ತಿದ್ದರು.

ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಯಿತು. ಅವರಲ್ಲಿ ನೂರಕ್ಕೆ ಸುಮಾರು ಆರು ಹೆಂಗಸರಿಗೆ ಬಸುರಿನಲ್ಲಿ ಬರುವ ಶುಗರ್ ಇತ್ತು. ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನಕ್ಕೆ ವಿಟಮಿನ್ ಬಿ12 ಕಡಿಮೆ. ಅಷ್ಟು ಬಿಸಿಲಿನ ಊರಿನಲ್ಲೂ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ವಿಟಮಿನ್ ಡಿ ಸಾಲದು. ನೀನು ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ಬರೆದಿದ್ದೀಯ. ಹಾಗಾದರೆ ಬಿ12 ನೋಡಿಸಿ ಎಂದು ನೀನಾಗಿಯೇ ಕೇಳು. ಇಲ್ಲಿ ಎಲ್ಲರಿಗೂ ಅದನ್ನು ನೋಡುವುದಿಲ್ಲ. ಹೀಗೆ ಕೇಳಬೇಕು ಅಂತ ನನಗೆ ಗೊತ್ತಾದದ್ದೇ ಆ ಮೈಸೂರಿನ ಹೆಂಗಸರಿಂದ.

ಶುಗರ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನಗೇ ಬಂದಿತ್ತು. ನಮ್ಮ ಕಡೆಯವರಿಗೆ ಅದು ಬರುವುದು ಜಾಸ್ತಿ. ಹಾಗಾಗಿ 24ರಿಂದ 28ನೇ ವಾರದೊಳಗೆ ನಿನ್ನನ್ನು ಗ್ಲೂಕೋಸ್ ಪರೀಕ್ಷೆಗೆ ಕರೆಯುತ್ತಾರೆ. ಕರೆಯದಿದ್ದರೆ ನೀನೇ ಕೇಳು. ಇಲ್ಲಿ ಶುಗರ್ ಅಳೆಯುವುದು mmol/L ಲೆಕ್ಕದಲ್ಲಿ: ಖಾಲಿ ಹೊಟ್ಟೆಯಲ್ಲಿ 5.6, ಗ್ಲೂಕೋಸ್ ಕುಡಿದು ಎರಡು ಗಂಟೆಗೆ 7.8. ಇವೆರಡರಲ್ಲಿ ಯಾವುದನ್ನು ಮುಟ್ಟಿದರೂ ಶುಗರ್ ಇದೆ ಅನ್ನುತ್ತಾರೆ. ಊರಿನ mg/dL ಲೆಕ್ಕ ಬೇಕಾದರೆ 18ರಿಂದ ಗುಣಿಸು, ಸುಮಾರು 100 ಮತ್ತು 140 ಬರುತ್ತದೆ. ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಬೇಕಾಗುತ್ತದೆ.

2011ರಲ್ಲಿ ನನಗೆ ಶುಗರ್ ಬಂದಾಗ ಒಂದು ಡಯಟ್ ಹಾಳೆ ಕೊಟ್ಟರು. ಅದರಲ್ಲಿದ್ದದ್ದು ಬ್ರೆಡ್, ಪಾಸ್ತಾ, ಆಲೂಗಡ್ಡೆ. ರಾಗಿಮುದ್ದೆ ತಿನ್ನಬಹುದಾ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಬಂದು, ಮೀಟರ್ ಚುಚ್ಚಿ ಚುಚ್ಚಿ ನಾನೇ ಕಲಿತೆ. ಬೆಳಗಿನ ಉಪ್ಪಿಟ್ಟಿಗೆ ಏರುತ್ತಿತ್ತು. ಚಿಕ್ಕ ಮುದ್ದೆ, ತುಂಬಾ ಸೊಪ್ಪು ಹಾಕಿದ ಬಸ್ಸಾರು ಆದರೆ ತಡೆಯುತ್ತಿತ್ತು. ಇದು ನನ್ನ ಮೈಯ ಲೆಕ್ಕ. ನಿನ್ನದನ್ನು ನೀನೇ ಅಳೆದು ನೋಡಬೇಕು.

ಅದೇ ಹೊತ್ತಿಗೆ ಒಂದು ಸಣ್ಣ ಅಧ್ಯಯನಕ್ಕೆ ಸೇರಿದ್ದೆ. ಒಂದು ಟ್ಯೂಬ್ ರಕ್ತ ಹೆಚ್ಚಿಗೆ ತೆಗೆದುಕೊಂಡರು, ಒಂದು ಗಂಟೆ ಕೂರಿಸಿ ಏನೇನು ತಿನ್ನುತ್ತೀರಿ ಅಂತ ಕೇಳಿದರು. ಪಟ್ಟಿಯಲ್ಲಿ ನೂರಾರು ತಿಂಡಿಗಳಿದ್ದವು, ರಾಗಿ ಇರಲಿಲ್ಲ. ಆ ಹುಡುಗಿ ಅದರ ಕಾಗುಣಿತ ಕೇಳಿ, ಅಂಚಿನಲ್ಲಿ ಕೈಯಲ್ಲೇ ಬರೆದುಕೊಂಡಳು. ನಾನು ಹೋಗಿರದಿದ್ದರೆ ಅದನ್ನು ಬರೆಯುವವರೇ ಇರಲಿಲ್ಲ.

ಇದೇ ನಾನು ನಿನಗೆ ಹೇಳಬೇಕಾದದ್ದು. ಈ ಊರಿನಲ್ಲಿ ಮುಂಚೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. 1998ರಿಂದ 2002ರವರೆಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಬಸುರಿಗೂ ಮುಂಚೆಯೇ ಮಾತಾಡಿಸಿ, ಆಮೇಲೆ ಹುಟ್ಟಿದ ಮಕ್ಕಳನ್ನು ನೋಡಿಕೊಂಡು ಬಂದರು. ಬಹುಪಾಲು ಬಿಳಿಯರೇ. ಇಂಗ್ಲೆಂಡಿನ ಇನ್ನೊಂದು ಊರು ಬ್ರಾಡ್‌ಫರ್ಡ್‌ನಲ್ಲಿ 2007ರಲ್ಲಿ ಶುರುವಾದ ಅಧ್ಯಯನದಲ್ಲಿ ಸುಮಾರು ಅರ್ಧ ಜನ ಪಾಕಿಸ್ತಾನಿ ಮೂಲದ ತಾಯಂದಿರು. ಅವರು ಸೇರಿದ್ದರಿಂದಲೇ, ದಕ್ಷಿಣ ಏಷ್ಯಾದ ಹೆಂಗಸರಿಗೆ ಶುಗರ್ ಮಿತಿ ಇನ್ನೂ ಕೆಳಗಿರಬೇಕು, 5.2 ಮತ್ತು 7.2 ಎಂದು 2015ರಲ್ಲಿ ಹೇಳಲು ಸಾಧ್ಯವಾಯಿತು. ನಮ್ಮಂಥವರ ರಕ್ತವೇ ಆ ಟ್ಯೂಬಿನಲ್ಲಿ ಇಲ್ಲದಿದ್ದರೆ ನಮ್ಮ ಮೈಗೆ ಹೊಂದುವ ಲೆಕ್ಕ ಎಲ್ಲಿಂದ ಬರಬೇಕು?

ಹಾಗಂತ ಸುಮ್ನೆ ಸಹಿ ಹಾಕಬೇಡ. ಆ ಹಾಳೆಯನ್ನು ಮನೆಗೆ ತಂದು ಓದುವ ಹಕ್ಕು ನಿನಗಿದೆ. ಬರೀ ಪ್ರಶ್ನೆ, ರಕ್ತವಾ, ಇಲ್ಲಾ ಹೊಸ ಔಷಧಿ ಕೊಡುತ್ತಾರಾ ಅಂತ ಮೊದಲು ನೋಡು. ಔಷಧಿ ಇದ್ದರೆ ಮಗುವಿಗೆ ಏನಾಗಬಹುದು, ಹಿಂದೆ ಎಷ್ಟು ಬಸುರಿಯರಿಗೆ ಕೊಟ್ಟಿದ್ದಾರೆ ಎಂದು ನೇರವಾಗಿ ಕೇಳು. ರಕ್ತವನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಬೇರೆಯವರಿಗೆ ಕೊಡುತ್ತಾರಾ, ಅದನ್ನೂ ಕೇಳು. ಬೇಡ ಅಂದರೂ, ಮಧ್ಯದಲ್ಲಿ ಬಿಟ್ಟು ಬಂದರೂ ನಿನ್ನ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಬಾರದು. ಕಾರಣವನ್ನೂ ಹೇಳಬೇಕಿಲ್ಲ. ಇಂಗ್ಲಿಷ್ ಕಷ್ಟವಾದರೆ ಕನ್ನಡ ಇಂಟರ್ಪ್ರಿಟರ್ ಕೇಳು, ದುಡ್ಡಿಲ್ಲ. ಗಂಡ ಎಷ್ಟೇ ಒಳ್ಳೆಯವನಾದರೂ ಈ ಮಾತುಗಳನ್ನು ಅವನ ಬಾಯಿಂದ ಹೇಳಿಸಬೇಡ. ಕೆಲವು ಮಾತು ನೀನೊಬ್ಬಳೇ ಹೇಳಬೇಕಾದದ್ದು ಇರುತ್ತದೆ.

ಇನ್ನೊಂದು. ಮುಂದೆ ಮಗು ಒದೆಯುವುದು ಕಡಿಮೆಯಾಯಿತು ಅನ್ನಿಸಿದರೆ ರಾತ್ರಿ ಎರಡಾದರೂ ಹೆರಿಗೆ ವಿಭಾಗಕ್ಕೆ ಫೋನ್ ಮಾಡು. ಅವರಿಗೆ ತೊಂದರೆ ಕೊಡುತ್ತೇನೆ ಅಂದುಕೊಂಡು ಬೆಳಗಾಗಲಿ ಅಂತ ಕಾಯಬೇಡ.

ಶನಿವಾರ ನಾನು ಮನೆಯಲ್ಲೇ ಇರುತ್ತೇನೆ. ಆ ಹಾಳೆ ತೆಗೆದುಕೊಂಡು ಬಾ, ಜೊತೆಯಲ್ಲಿ ಕೂತು ಓದೋಣ. ಹುರಿಹಿಟ್ಟು ಊರಿಂದ ಬಂದಿದೆ, ಅದನ್ನೂ ಸ್ವಲ್ಪ ಕಟ್ಟಿಕೊಡುತ್ತೇನೆ.