ಫಾರಂನಲ್ಲಿ ಮೊದಲು ಯಾವ ಶಾಲೆಯನ್ನು ಬರೆಯಲಿ?

ಪ್ರಶ್ನೆ: ಮೇಡಂ, ನಾವು ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷವಾಯಿತು. ಮಗಳು ಇಯರ್ ಸಿಕ್ಸ್‌ನಲ್ಲಿದ್ದಾಳೆ, ಮುಂದಿನ ಸೆಪ್ಟೆಂಬರಿಗೆ ಸರ್ಕಾರಿ ಸೆಕೆಂಡರಿ ಶಾಲೆಗೆ ಸೇರಬೇಕು. ಒಂದು ಶಾಲೆ ಮನೆಯಿಂದ ಹತ್ತು ನಿಮಿಷದ ನಡಿಗೆ, ಆದರೆ ಅದನ್ನು ಹೊಗಳುವವರಿಲ್ಲ. ಇನ್ನೊಂದು ನಾಲ್ಕು ಮೈಲಿ ದೂರ. ಶಾಲೆಗಳ ತಪಾಸಣೆ ಮಾಡುವ ಆಫ್‌ಸ್ಟೆಡ್‌ನವರು ಅದಕ್ಕೆ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ‘ಔಟ್‌ಸ್ಟ್ಯಾಂಡಿಂಗ್’ ಕೊಟ್ಟಿದ್ದರಂತೆ. ಯಜಮಾನರು ದೂರದ್ದೇ ಆಗಬೇಕೆನ್ನುತ್ತಾರೆ. ಅದನ್ನು ಮೊದಲು ಬರೆದು, ಅದು ಸಿಗದೆ ಹೋದರೆ ಹತ್ತಿರದ್ದೂ ಕೈತಪ್ಪುತ್ತದೆಯೇ?
– ಒಬ್ಬ ತಾಯಿ

ಉತ್ತರ: ಮೊದಲು ಬರೆದ ಕಾರಣಕ್ಕೆ ಕೈತಪ್ಪುವುದಿಲ್ಲ. ನೀವು ಯಾವ ಶಾಲೆಯನ್ನು ಎಷ್ಟನೆಯದಾಗಿ ಬರೆದಿದ್ದೀರಿ ಎಂಬುದನ್ನು ನೋಡಿ ಸೀಟು ಕೊಡುವ ಹಾಗಿಲ್ಲ. ಪ್ರತಿ ಶಾಲೆಯ ನಿಯಮಕ್ಕೂ ನಿಮ್ಮ ಅರ್ಜಿಯನ್ನು ಬೇರೆಬೇರೆಯಾಗಿ ಹೊಂದಿಸಿ ನೋಡುತ್ತಾರೆ. ಎರಡು ಕಡೆ ಸೀಟು ಸಿಗುವಂತಿದ್ದರೆ ಪಟ್ಟಿಯಲ್ಲಿ ಮೇಲಿರುವುದನ್ನು ಕೊಡುತ್ತಾರೆ. ಆದ್ದರಿಂದ ಮನಸ್ಸಿನಲ್ಲಿರುವ ಕ್ರಮದಲ್ಲೇ ಬರೆಯಿರಿ. ಆದರೆ ಹತ್ತಿರದ್ದನ್ನು ಮಾತ್ರ ಬಿಡಬೇಡಿ.

ಬಿಟ್ಟವಳು ನಾನು. ದೊಡ್ಡ ಮಗನ ಸಲ ಒಂದೇ ಹೆಸರು ಬರೆದೆ, ಬೇರೆಯದನ್ನೂ ಬರೆದರೆ ಇದರ ಮೇಲೆ ಅಷ್ಟೇನೂ ಆಸೆಯಿಲ್ಲ ಎಂದುಕೊಂಡಾರು ಎಂಬ ಅತಿಬುದ್ಧಿಯಿಂದ. ಮಾರ್ಚ್ 1ರಂದು ಬಂದ ಇಮೇಲ್‌ನಲ್ಲಿ ನಾನು ಹೆಸರೇ ಕೇಳಿರದ ಶಾಲೆ. ಮನೆ ಹಿಂದಿನ ಶಾಲೆಯ ಸೀಟುಗಳು ಅದನ್ನು ಬರೆದವರಿಗೇ ಮುಗಿದುಹೋಗಿದ್ದವು. ಐದು ವರ್ಷ ಅವನು ದಿನಾ ಎರಡು ಬಸ್ ಹತ್ತಿಳಿದ. ಆ ಹಿಂದಿನ ಶಾಲೆಯ ಗಂಟೆ ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು.

ಇನ್ನು ನಾಲ್ಕು ಮೈಲಿ ಆಚೆಯ ಶಾಲೆ. ಅದು ನಿಮಗೆ ದಕ್ಕುವ ಮಾತೇ ಎಂದು ಮೊದಲು ನೋಡಿಕೊಳ್ಳಿ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದಾರೆಯೇ, ಮನೆ ಎಷ್ಟು ದೂರ ಎಂಬಂಥವೇ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರದ ಮನೆಗೆ ಹೋಯಿತು ಎಂದು ಕೌನ್ಸಿಲ್‌ನವರನ್ನು ಕೇಳಿ. ಗ್ರಾಮರ್ ಶಾಲೆಯಾದರೆ ಮಾತೇ ಬೇರೆ, ಅದಕ್ಕೆ ಇಲೆವೆನ್ ಪ್ಲಸ್ ಎಂಬ ಪ್ರವೇಶ ಪರೀಕ್ಷೆಯಿದೆ.

‘ಕೊಟ್ಟಿದ್ದರಂತೆ’ ಎಂದು ಬರೆದಿದ್ದೀರಿ. ಯಾವಾಗ ಕೊಟ್ಟಿದ್ದು? 2012ರಿಂದ 2020ರವರೆಗೆ ‘ಔಟ್‌ಸ್ಟ್ಯಾಂಡಿಂಗ್’ ಶಾಲೆಗಳಿಗೆ ಮಾಮೂಲಿ ತಪಾಸಣೆಯಿಂದಲೇ ವಿನಾಯಿತಿ ಇತ್ತು. ಆಗ ಸಿಕ್ಕ ಬಿರುದನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗೇಟಿಗೆ ತೂಗುಹಾಕಿಕೊಂಡ ಶಾಲೆಗಳೂ ಇದ್ದವು. 2024ರ ಸೆಪ್ಟೆಂಬರಿನಲ್ಲಿ ಒಂದೇ ಪದದ ಆ ತೀರ್ಪನ್ನು ಕೈಬಿಟ್ಟರು. 2025ರ ನವೆಂಬರಿನಿಂದ ಶಾಲೆಯ ಒಂದೊಂದು ಅಂಶಕ್ಕೂ ಬೇರೆ ಬೇರೆ ದರ್ಜೆ ಕೊಡುವ ಹೊಸ ವರದಿ ಬಂದಿದೆ. ಹದಿನಾರರ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಫಲಿತಾಂಶದ ಜೊತೆಗೆ ‘ಪ್ರೋಗ್ರೆಸ್ 8’ ಅನ್ನೂ ನೋಡಿ. ಪ್ರೈಮರಿ ಮುಗಿಸಿ ಬಂದ ಮಗುವನ್ನು ಶಾಲೆ ಎಷ್ಟು ಮುಂದಕ್ಕೆ ಒಯ್ದಿತು ಎಂದು ಅಳೆಯುವುದು ಅದು. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಪ್ರೈಮರಿ ಪರೀಕ್ಷೆ ನಡೆಯಲಿಲ್ಲವಾದ್ದರಿಂದ 2025, 2026ರ ಫಲಿತಾಂಶಕ್ಕೆ ಈ ಲೆಕ್ಕವಿಲ್ಲ. 2024ರದ್ದನ್ನೇ ಹುಡುಕಬೇಕು. ನಿಮ್ಮ ಪಕ್ಕದ, ಯಾರೂ ಹೊಗಳದ ಶಾಲೆ ಅದರಲ್ಲಿ ನಿಮ್ಮನ್ನು ಬೆರಗುಗೊಳಿಸಿದರೂ ಗೊಳಿಸೀತು.

ಪೋಷಕರಿಗೆ ಶಾಲೆ ತೋರಿಸುವ ಓಪನ್ ಈವ್ನಿಂಗ್‌ಗೆ ಹೋಗಿ, ಆದರೆ ಅಂದು ಶಾಲೆ ಮದುವೆಮನೆಯಂತಿರುತ್ತದೆ. ಕೆಲಸದ ದಿನ ಬೆಳಿಗ್ಗೆ ಬರುತ್ತೇವೆ ಎಂದು ಕೇಳಿಕೊಂಡು ಇನ್ನೊಮ್ಮೆ ಹೋಗಿ. ಚಿಕ್ಕ ಮಗನಿಗಾಗಿ ಹೀಗೆ ಹೋದಾಗ ಇಯರ್ ಏಟ್‌ನ ಹುಡುಗಿಯೊಬ್ಬಳು ನಮಗೆ ಶಾಲೆ ತೋರಿಸುತ್ತಿದ್ದಳು. ಹೊಸ ಲ್ಯಾಬು, ಫಳಫಳ ಹೊಳೆಯುವ ನಲ್ಲಿಗಳು. “ವಿಜ್ಞಾನ ಯಾರು ಹೇಳಿಕೊಡುತ್ತಾರೆ?” ಎಂದೆ. ಅವಳು ಮೆಟ್ಟಿಲ ಬಳಿ ನಿಂತಿದ್ದ ಮೇಷ್ಟರತ್ತ ಒಮ್ಮೆ ಕಣ್ಣು ಹಾಯಿಸಿ, ಬೆರಳು ಮಡಿಸುತ್ತ, “ಈ ಟರ್ಮ್‌ನಲ್ಲೋ? ಇವರು ನಾಲ್ಕನೆಯವರು” ಎಂದಳು. ಆ ಬೆರಳೆಣಿಕೆ ಯಾವ ವರದಿಯಲ್ಲೂ ಇರಲಿಲ್ಲ. ಎರಡೂ ಶಾಲೆಗಳಲ್ಲಿ ಇದೇ ಪ್ರಶ್ನೆಯನ್ನು ಮಕ್ಕಳಿಗೇ ಕೇಳಿ. ಹಾಗೆಯೇ ಶೌಚಾಲಯವನ್ನೂ ನೋಡಿ ಬನ್ನಿ, ನಾಚಿಕೆ ಬೇಡ.

ಬಸ್ಸಿನ ವಿಷಯವನ್ನು ಯಜಮಾನರು ಯೋಚಿಸಿದಂತಿಲ್ಲ. ಹತ್ತಿರದಲ್ಲೇ ಸೀಟು ಸಿಗುವಂತಿದ್ದೂ ನಾವಾಗಿ ದೂರದ್ದನ್ನು ಆರಿಸಿದರೆ ಕೌನ್ಸಿಲ್ ಸಾಮಾನ್ಯವಾಗಿ ಉಚಿತ ಪ್ರಯಾಣ ಕೊಡುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಆಟವೋ ನಾಟಕವೋ ಮುಗಿಸಿ ಹೊರಡುವ ಹನ್ನೊಂದರ ಮಗುವಿಗೆ ಆ ನಾಲ್ಕು ಮೈಲಿ ಚಿಕ್ಕದೇನಲ್ಲ.

ಅರ್ಜಿಗೆ ಅಕ್ಟೋಬರ್ 31 ಕಡೆಯ ದಿನ. ಅದಕ್ಕೆ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ ಯಜಮಾನರನ್ನು ಆ ಬಸ್ಸಿಗೆ ಹತ್ತಿಸಿ ಕಳಿಸಿ. ಅವರು ಹಿಂತಿರುಗಿದ ಮೇಲೆ ಇಬ್ಬರೂ ಕುಳಿತು ಫಾರಂ ತುಂಬಿ.