ದೊಡ್ಡ ಆಟಗಾರರ ಅಭ್ಯಾಸದಿಂದ ಆಫೀಸಿನವರು ಕಲಿಯುವಂಥದ್ದು ಏನಾದರೂ ಇದೆಯಾ?

ಇದೆ. ಆದರೆ ಗೋಡೆಗೆ ಅಂಟಿಸುವ ‘ಗೆದ್ದೇ ಗೆಲ್ಲುವೆ’ ಪೋಸ್ಟರ್‌ಗಳಿಂದ ಅಲ್ಲ.

ಭಾರತಕ್ಕೆ ಆಡಿದ ಸ್ಪಿನ್ ಬೌಲರ್, ನಮ್ಮ ಗದಗಿನ ಸುನೀಲ್ ಜೋಶಿ ಅವರನ್ನೇ ನೋಡಿ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, ಅದರಲ್ಲಿ 6 ಮೇಡನ್ (ಒಂದೂ ರನ್ ಕೊಡದ ಓವರ್), ಕೊಟ್ಟದ್ದು 6 ರನ್, 5 ವಿಕೆಟ್. ನಮಗೆ ನೆನಪಿರುವುದು ಆ ಒಂದು ದಿನ. ಅದರ ಹಿಂದೆ, ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮುಗಿಸಿ, ವಾಪಸ್ ಗದಗಿಗೆ ಹೋಗಿ ಶಾಲೆ ಸೇರುತ್ತಿದ್ದ ದಿನಗಳಿವೆ. ಒಂದು ಕಡೆಗೇ ಸುಮಾರು 60 ಕಿಲೋಮೀಟರ್!

ಆಟಗಾರರು ಪಂದ್ಯಕ್ಕಿಂತ ಜಾಸ್ತಿ ಹೊತ್ತು ನೆಟ್ಸ್‌ನಲ್ಲಿ, ಅಂದರೆ ಬಲೆಯೊಳಗಿನ ಪ್ರಾಕ್ಟೀಸ್‌ನಲ್ಲಿ ಇರುತ್ತಾರೆ. ನಮಗೆ ದಿನಾ ಪಂದ್ಯವೇ, ನೆಟ್ಸ್ ಇಲ್ಲ. ತೊಂದರೆ ಅಲ್ಲೇ ಇರೋದು, ಅಲ್ವಾ?

ನಾನು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾರುವ ಕೆಲಸದಲ್ಲಿದ್ದೇನೆ. ಗಿರಾಕಿ ರೇಟ್ ಕೇಳಿದ ಕೂಡಲೇ ತಡವರಿಸುತ್ತಿದ್ದೆ. ‘ಚಲೋ ಮಾತಾಡಬೇಕು’ ಅಂತ ಸುಮ್ನೆ ಅಂದುಕೊಂಡು ಏನೂ ಆಗಲಿಲ್ಲ. ಆಮೇಲೆ ಆ ಎರಡು ನಿಮಿಷದ ಮಾತನ್ನಷ್ಟೇ ಹಿಡಿದೆ. ಬೆಳಗಿನ ಚಹಾಕ್ಕೆ ಮುಂಚೆ ಜೊತೆಯವರೊಬ್ಬರು ಗಿರಾಕಿ ಆಗುತ್ತಿದ್ದರು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಕೇಳಿದರೆ ನನಗೇ ನಾಚಿಕೆ. ಅವರು ಸುಮ್ಮನೆ ಕೂತರೂ ಸಾಕು, ನಾನೇ ರೇಟ್ ಇಳಿಸಿಬಿಡುತ್ತಿದ್ದೆ! ಬೌಲರ್‌ಗೆ ವಿಡಿಯೊದಲ್ಲಿ ತನ್ನ ನೋ ಬಾಲ್ ಕಂಡ ಹಾಗೆ. ಕಂಡ ಮೇಲೆ ತಿದ್ದುವುದು ಅಷ್ಟೇನೂ ಕಷ್ಟವಾಗಲಿಲ್ಲ.

ವಿಶ್ರಾಂತಿಯೂ ತರಬೇತಿಯ ಭಾಗವೇ, ಅದು ಎಲ್ಲರಿಗೂ ಗೊತ್ತು, ಯಾರೂ ಮಾಡಲ್ಲ.

ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಮೈದಾನದಲ್ಲಿ ಸ್ಕೋರ್‌ಬೋರ್ಡ್ ಇರುತ್ತದೆ. ಆಫೀಸಿನಲ್ಲಿ ಯಾವುದನ್ನು ರನ್ ಅಂತ ಲೆಕ್ಕ ಹಾಕುತ್ತಾರೆ ಅಂತ ಮೇಲಿನವರನ್ನು ಮೊದಲೇ ಕೇಳಿಕೊಳ್ಳಿ.