ಗಂಡುಬೀರಿ ಅಬ್ಬಲಿಗೆ ಮುಡಿಯಬಾರದಾ?

ಪ್ರಶ್ನೆ: ನಾನು ಕಾಮಿಕ್ಸ್ ಬಿಡಿಸುತ್ತೇನೆ. ನಾಯಕಿ ದೋಣಿ ನಡೆಸುವ ಹುಡುಗಿ. ಮೊದಲು ಉದ್ದ ಜಡೆ, ಬಳೆ ಹಾಕಿದ್ದೆ. 'ಇವಳೆಂಥ ದೋಣಿ ನಡೆಸ್ತಾಳೆ' ಅಂತ ಗೆಳತಿಯರು ನಕ್ಕರು. ಕೂದಲು ಕತ್ತರಿಸಿ ಚಡ್ಡಿ ತೊಡಿಸಿದೆ. ಈಗ 'ಗಂಡುಬೀರಿ' ಅಂತಾರೆ. ಯಾವುದು ಸರಿ?
– ಓದುಗಿ, ಕಾರವಾರ

ಉತ್ತರ: ಅವಳ ಕೂದಲಿನ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಕೈ ಹೇಗಿದೆ ಅಂತ ಬರೆದೇ ಇಲ್ಲ. ದಿನಾ ಹಗ್ಗ ಎಳೆಯುವವಳ ಅಂಗೈ ದಡ್ಡುಗಟ್ಟಿರಬೇಕು ಅಲ್ವಾ? ಅಲ್ಲಿಂದ ಶುರು ಮಾಡಿ.

ಬೆಳಿಗ್ಗೆ ಮೀನುಪೇಟೆಯಲ್ಲಿ ಅರ್ಧ ಗಂಟೆ ಸುಮ್ನೆ ನಿಲ್ಲಿ. ತಲೆತುಂಬ ಅಬ್ಬಲಿಗೆ ಮುಡಿದು, ಸೀರೆ ಎತ್ತಿ ಕಟ್ಟಿ, ಮೊಣಕೈವರೆಗೆ ರಕ್ತ ಮಾಡಿಕೊಂಡು ಇಸ್ವಾಣ ಮೀನು ಕಡಿಯುತ್ತಾ ಕೂತವಳು ಕಾಣುತ್ತಾಳೆ. ಹೋದ ವಾರ ನಾನು ಐವತ್ತು ರೂಪಾಯಿ ಕಮ್ಮಿ ಕೇಳಿದೆ. ಅವಳು ಕತ್ತಿ ನಿಲ್ಲಿಸಲಿಲ್ಲ, ಬರೀ ತಲೆ ಎತ್ತಿ ನೋಡಿದಳು. ಅವಳು ಹೇಳಿದಷ್ಟೂ ಕೊಟ್ಟು ಬಂದೆ. ಅವಳನ್ನು ಗಂಡುಬೀರಿ ಅನ್ನೋಕೆ ಯಾರಿಗೆ ಧೈರ್ಯ ಇದೆ, ಮತ್ತೆ ಆ ಹೂವನ್ನು ನೋಡಿ ಪಾಪದವಳು ಅಂದುಕೊಳ್ಳೋಕೂ ಆಗಲ್ಲ.

ಯಕ್ಷಗಾನದವರಿಗೆ ಈ ಗೊಂದಲ ಇಲ್ಲ. ನೆರಿಗೆ ಸೀರೆಯ ಸ್ತ್ರೀವೇಷವೇ ಬೇರೆ, ಕಚ್ಚೆಯಂತೆ ಬಿಗಿದು ಉಡುವ ಕಸೆ ಸ್ತ್ರೀವೇಷವೇ ಬೇರೆ. ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿ ಎಲ್ಲ ಕಸೆ ಹಾಕಿ ಬರುವವರು. ಕುಣಿಯಬೇಕು, ಯುದ್ಧ ಮಾಡಬೇಕು, ಕಾಲು ಬಿಡುವಾಗಿರಬೇಕು, ಅದಕ್ಕೆ ಕಸೆ. ಹಾಗಂತ ಆಭರಣ ಬಿಚ್ಚಿಟ್ಟು ಬರುವುದಿಲ್ಲ. ಅರ್ಜುನನ ಕುದುರೆ ಕಟ್ಟಿಹಾಕಿದ ಪ್ರಮೀಳೆ ಶೃಂಗಾರವನ್ನೂ ಬಿಟ್ಟವಳಲ್ಲ. (ಆ ವೇಷ ಕಟ್ಟುತ್ತಿದ್ದವರು ಹೆಚ್ಚಾಗಿ ಗಂಡಸರೇ, ಅದು ಬೇರೆ ತಮಾಷೆ.)

ಕೂದಲು ಗಿಡ್ಡವೇ ಇರಲಿ ಅನಿಸಿದರೆ ಹಾಗೇ ಬಿಡಿ. ಉಪ್ಪುನೀರಿಗೆ ಜಡೆ ಅಂಟಂಟಾಗುತ್ತದೆ, ಕಾರಣ ಸಾಕು. 'ಇವಳೂ ಹುಡುಗಿಯೇ' ಅಂತ ತೋರಿಸಲು ಗುಲಾಬಿ ಕ್ಲಿಪ್ ಮಾತ್ರ ಸಿಕ್ಕಿಸಬೇಡಿ, ನನಗೆ ಅದು ಕಂಡರೇ ಆಗಲ್ಲ.

ಪ್ರಶ್ನೆ: ಕಥೆಗಳಲ್ಲಿ ಗಂಡುಬೀರಿ ನಾಯಕಿ ಕೊನೆಗೆ ಸೀರೆ ಉಟ್ಟು ನಾಚಿದ ಮೇಲೇ ನಾಯಕನಿಗೆ ಇಷ್ಟ ಆಗುವುದು ಯಾಕೆ?
– ಓದುಗ, ಶಿರಸಿ

ಉತ್ತರ: ಬರೆಯುವವರ ಸೋಮಾರಿತನ, ಇನ್ನೇನು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದಿದ್ದರಲ್ಲ, ಆ ಟಾಗೋರ್ 1892ರಲ್ಲೇ 'ಚಿತ್ರಾಂಗದಾ' ನಾಟಕದಲ್ಲಿ ಇದನ್ನು ತಿರುಗಿಸಿ ಹಾಕಿದ್ದರು. ಗಂಡಿನಂತೆ ಬೆಳೆದ ರಾಜಕುಮಾರಿ ಅರ್ಜುನನಿಗಾಗಿ ಮದನನಿಂದ ಒಂದು ವರ್ಷದ ರೂಪ ಸಾಲ ಪಡೆಯುತ್ತಾಳೆ. ಅರ್ಜುನ ಮರುಳಾಗುತ್ತಾನೆ, ಸರಿ. ಆದರೆ ಪ್ರಜೆಗಳನ್ನು ಕಾಯುವ ವೀರ ರಾಜಕುಮಾರಿಯ ಸುದ್ದಿ ಕಿವಿಗೆ ಬಿದ್ದದ್ದೇ, ಪಕ್ಕದಲ್ಲಿ ಕೂತ ಈ ಸುಂದರಿಯೇ ಅವಳೆಂದು ತಿಳಿಯದೆ, ಇವಳ ಹತ್ತಿರವೇ 'ಅವಳು ಹೇಗಿದ್ದಾಳೆ, ಹೇಳು' ಅಂತ ಕೇಳತೊಡಗುತ್ತಾನೆ!